ಮತ್ತೆ ಜೋಡಿಸಿದ ಕೈಗೆ ಮನೆ ಅಭ್ಯಾಸದ ಕಿಟ್: ಕನ್ನಡಿ ಪೆಟ್ಟಿಗೆ, ನೈಲಾನ್ ಎಳೆ ಮತ್ತು ಉಳಿದವು

ತುಂಡಾದ ಕೈಯನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ಜೋಡಿಸಿಕೊಂಡವರು ಮನೆಯಲ್ಲಿ ಅಭ್ಯಾಸ ಮಾಡಲೆಂದು ಮಾರಾಟವಾಗುವ ಒಂದು ಕಿಟ್‌ನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಮಡಿಚಿಡಬಹುದಾದ ಕನ್ನಡಿ ಪೆಟ್ಟಿಗೆ, ಸ್ಪರ್ಶವನ್ನು ಅಳೆಯುವ ನೈಲಾನ್ ಎಳೆಗಳು, ಒರಟು ಮತ್ತು ನುಣುಪಾದ ತುಂಡುಗಳ ಒಂದು ಚೀಲ, ಎಡಗೈ ಬಲಗೈಗಳ ಚಿತ್ರಗಳನ್ನು ಗುರುತಿಸುವ ಮೊಬೈಲ್ ಆ್ಯಪ್ ಇವಿಷ್ಟು ಅದರಲ್ಲಿವೆ. ಇದೇ ಸಾಮಾನು ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಆನ್‌ಲೈನ್‌ನಲ್ಲಿ ಸಿಗುವುದರಿಂದ ನಮಗೆ ಬಂದ ಡಬ್ಬಿಯ ಮೇಲಿನ ಹೆಸರು ಮುಖ್ಯವಲ್ಲ. ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ ಕೆಲಸ ಮಾಡುತ್ತಿದ್ದ ನನ್ನ ತಮ್ಮನ ಬಲಗೈ ಮಣಿಕಟ್ಟಿನ ಬಳಿ ತುಂಡಾಗಿ, ಅದೇ ದಿನ ಜೋಡಣೆಯಾಗಿ, ಗಾಯ ಒಣಗಿದ ಮೇಲೆ ಆಸ್ಪತ್ರೆಯ ಥೆರಪಿಸ್ಟ್ ಬರೆದುಕೊಟ್ಟ ಪಟ್ಟಿಯನ್ನು ಹಿಡಿದು ನಾವು ಇದನ್ನು ಕೊಂಡೆವು. ಅವನ ಎದುರು ಕುಳಿತು ಅಭ್ಯಾಸ ಮಾಡಿಸಿದವಳು ನಾನು. ನನ್ನ ತೀರ್ಮಾನವನ್ನು ಮೊದಲೇ ಹೇಳುವುದಾದರೆ, ಕನ್ನಡಿ ಪೆಟ್ಟಿಗೆಯನ್ನೂ ನೈಲಾನ್ ಎಳೆಗಳನ್ನೂ ಬಿಡಿಯಾಗಿ ಕೊಳ್ಳಬಹುದು, ತುಂಡುಗಳ ಚೀಲಕ್ಕೆ ಕೊಟ್ಟ ಹಣ ದಂಡ, ಆ್ಯಪ್ ಇದ್ದರೂ ಆದೀತು ಇಲ್ಲದಿದ್ದರೂ ಆದೀತು.

ಈ ತೀರ್ಮಾನ ಅರ್ಥವಾಗಬೇಕಾದರೆ ಶಸ್ತ್ರಚಿಕಿತ್ಸೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ತಿಳಿದಿರಬೇಕು. ಮೂಳೆಯನ್ನು ಕಂಬಿ ಅಥವಾ ಪ್ಲೇಟ್ ಹಾಕಿ ಕೂಡಿಸುತ್ತಾರೆ, ಸ್ನಾಯುವನ್ನು ಮೂಳೆಗೆ ಕೂಡಿಸುವ ಸ್ನಾಯುರಜ್ಜುಗಳನ್ನು ಹೊಲಿಯುತ್ತಾರೆ, ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳಗಳನ್ನೂ ನರಗಳನ್ನೂ ಜೋಡಿಸುತ್ತಾರೆ. ರಕ್ತ ಹರಿದು ಕೈ ಕೆಂಪೇರುವುದು ಅಂದೇ ಕಾಣುತ್ತದೆ. ನರದ ಕಥೆ ಬೇರೆ. ಹೊಲಿದ ನರದೊಳಗೆ ಹಳೆಯ ಎಳೆಗಳು ಮತ್ತೆ ಅಂಟಿಕೊಳ್ಳುವುದಿಲ್ಲ. ಕತ್ತರಿಸಿದ ಜಾಗದಿಂದ ಬೆರಳ ತುದಿಯವರೆಗಿನ ಹಳೆಯ ಎಳೆಗಳೆಲ್ಲ ಕ್ಷಯಿಸಿ, ಉಳಿದ ಪೊಳ್ಳು ಕೊಳವೆಗಳೊಳಗೆ ಹೊಸ ಎಳೆಗಳು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯುತ್ತ ಹೋಗಬೇಕು. ಮಣಿಕಟ್ಟಿನಿಂದ ತೋರುಬೆರಳ ತುದಿಗೆ 18 ಸೆಂಟಿಮೀಟರ್ ದೂರವೆಂದು ಹಿಡಿದರೂ ಅಲ್ಲಿಗೆ ತಲುಪಲು ಸುಮಾರು ಆರು ತಿಂಗಳು ಬೇಕು. ಆರಂಭದಲ್ಲಿ ನರ ಸುಮ್ಮನೆ ಕುಳಿತಿರುವ ಕೆಲವು ವಾರಗಳು ಈ ಲೆಕ್ಕಕ್ಕೆ ಸೇರಿಲ್ಲ.

ಮಣಿಕಟ್ಟಿನ ಬಳಿಯ ಗಾಯದಲ್ಲಿ ಇನ್ನೊಂದು ವಿಚಿತ್ರವಿದೆ. ಬೆರಳುಗಳನ್ನು ಮಡಿಸುವ ದೊಡ್ಡ ಸ್ನಾಯುಗಳು ಮುಂಗೈಯಲ್ಲಿರುವುದರಿಂದ ಅವುಗಳ ನರಕ್ಕೆ ಏನೂ ಆಗಿರುವುದಿಲ್ಲ. ರಜ್ಜು ಗಟ್ಟಿಯಾದೊಡನೆ ಬೆರಳುಗಳು ಮಡಿಸತೊಡಗುತ್ತವೆ. ಆದರೆ ಆ ಬೆರಳುಗಳಿಗೆ ಏನೂ ತಿಳಿಯದು. ಮಿದುಳು ಆಜ್ಞೆಯನ್ನು ಕಳುಹಿಸುತ್ತದೆ, ಕೈ ಅದನ್ನು ಪಾಲಿಸುತ್ತದೆ, ಪಾಲಿಸಿದೆನೆಂಬ ಸುದ್ದಿ ಮಾತ್ರ ಹಿಂದಿರುಗುವುದಿಲ್ಲ. ತಮ್ಮ ಲೋಟವನ್ನು ಹಿಡಿದಿದ್ದಾನೆಯೇ ಇಲ್ಲವೇ ಎಂಬುದನ್ನು ಕಣ್ಣಿನಿಂದಲೇ ನೋಡಿ ತಿಳಿಯಬೇಕಾಗಿತ್ತು. ಅವನು ಬೇರೆ ಕಡೆ ತಿರುಗಿದರೆ ಲೋಟ ಕೈಜಾರುತ್ತಿತ್ತು. ಮನೆಗೆ ಬಂದವರು ‘ಬೆರಳು ಆಡುತ್ತಿವೆಯಲ್ಲ, ಗುಣವಾಯಿತು’ ಎನ್ನುತ್ತಿದ್ದರು. ಮಿದುಳಿನ ಕೆಲಸ ಆಗಿನ್ನೂ ಶುರುವೇ ಆಗಿರಲಿಲ್ಲ.

ಹೊಸ ಎಳೆಗಳು ಕೊನೆಗೆ ತಲುಪಿದಾಗಲೂ ಅವು ತಮ್ಮ ಹಳೆಯ ಮನೆಗೇ ಬಂದಿರುತ್ತವೆ ಎಂದು ಹೇಳಲಾಗದು. ಜೋಡಿಸಿದ ಜಾಗದಲ್ಲಿ ಸಾವಿರಾರು ಎಳೆಗಳು ಸಿಕ್ಕ ಕೊಳವೆಯೊಳಗೆ ನುಗ್ಗುತ್ತವೆ. ಹಿಂದೆ ತೋರುಬೆರಳಿಗೆ ಸೇರಿದ್ದ ಎಳೆ ಈಗ ನಡುಬೆರಳಿಗೆ ಹೋಗಿರಬಹುದು, ಸ್ಪರ್ಶಕ್ಕೆ ಮೀಸಲಾಗಿದ್ದದ್ದು ಬಿಸಿಯನ್ನು ಅರಿಯುವ ಜಾಗಕ್ಕೆ ಸೇರಿರಬಹುದು. 1980ರ ದಶಕದಲ್ಲಿ ಅಮೆರಿಕದಲ್ಲಿ ಮೈಕೆಲ್ ಮೆರ್ಜೆನಿಕ್, ಜಾನ್ ಕಾಸ್ ಮತ್ತವರ ಜೊತೆಗಾರರು ಕೋತಿಗಳಲ್ಲಿ ಇದನ್ನು ನೇರವಾಗಿ ನೋಡಿದರು. ನರವನ್ನು ಜಜ್ಜಿ ಬಿಟ್ಟಾಗ ಕೊಳವೆ ಹರಿಯದಿರುವುದರಿಂದ ಎಳೆಗಳು ತಮ್ಮ ದಾರಿಯಲ್ಲೇ ಮರಳಿ, ಮಿದುಳಿನಲ್ಲಿ ಕೈಯ ನಕ್ಷೆ, ಅಂದರೆ ಕೈಯ ಯಾವ ಭಾಗದ ಸುದ್ದಿ ಮಿದುಳಿನ ಯಾವ ಜಾಗಕ್ಕೆ ಸೇರುತ್ತದೆ ಎಂಬ ಏರ್ಪಾಡು, ಹಿಂದಿನಂತೆಯೇ ಆಯಿತು. ಕತ್ತರಿಸಿ ಹೊಲಿದಾಗಲಾದರೋ ನಕ್ಷೆ ಚೂರುಚೂರಾಗಿ ಮರಳಿತು. ಒಂದೇ ಬೆರಳಿನ ಭಾಗಗಳು ಅಲ್ಲಲ್ಲಿ ಹಂಚಿಹೋಗಿದ್ದವು. ಮಿದುಳು ಕಲಿಯಬೇಕಾದ ಪಾಠ ಇದೇ. ತಂತಿಗಳನ್ನು ಯಾರೂ ಬಿಚ್ಚಿ ಮರುಜೋಡಿಸಲಾರರು, ಬಂದ ಸುದ್ದಿಯನ್ನು ಬೇರೆ ರೀತಿಯಲ್ಲಿ ಓದುವುದನ್ನು ಮಾತ್ರ ಕಲಿಯಬಹುದು. ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳು ಇದನ್ನು ಬಹಳ ಚೆನ್ನಾಗಿ ಮಾಡಿಕೊಳ್ಳುತ್ತಾರೆ, ವಯಸ್ಕರಿಗೆ ಕಷ್ಟ. ಮಕ್ಕಳ ನರ ಹೆಚ್ಚು ಬೇಗ ಬೆಳೆಯುತ್ತದೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ, ಅವರ ಮಿದುಳು ಹೊಸ ಓದಿಗೆ ಹೆಚ್ಚು ಒಗ್ಗುತ್ತದೆ.

ಡಬ್ಬಿಯೊಳಗಿನ ಕರಪತ್ರದ ಬಗ್ಗೆ ನನಗಿರುವ ತಕರಾರು ಇಲ್ಲಿಂದಲೇ ಆರಂಭವಾಗುತ್ತದೆ. ಕೈ ಹೋದೊಡನೆ ಮಿದುಳಿನಲ್ಲಿ ಕೈಯ ಜಾಗ ಅಳಿಸಿಹೋಗುತ್ತದೆ, ಮುಖದ ಜಾಗ ಅದನ್ನು ಆಕ್ರಮಿಸುತ್ತದೆ, ಈ ಕಿಟ್ ಕೆಲವೇ ವಾರಗಳಲ್ಲಿ ಅದನ್ನು ಮರಳಿ ಬರೆಯುತ್ತದೆ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಮೊದಲ ಎರಡು ಮಾತುಗಳಿಗೆ ಒಂದಷ್ಟು ಹಳೆಯ ಆಧಾರವಿದೆ. ಕೈ ಕಳೆದುಕೊಂಡ ಕೆಲವರಿಗೆ ಕೆನ್ನೆಯನ್ನು ಮುಟ್ಟಿದರೆ ಇಲ್ಲದ ಬೆರಳನ್ನು ಮುಟ್ಟಿದಂತಾಗುವುದನ್ನು, ಚೆನ್ನೈಯಲ್ಲಿ ವೈದ್ಯಕೀಯ ಓದಿ ಕ್ಯಾಲಿಫೋರ್ನಿಯಾಕ್ಕೆ ಹೋದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ವರದಿ ಮಾಡಿದ್ದರು. ಕನ್ನಡಿ ಪೆಟ್ಟಿಗೆಯೂ ಅವರದೇ ಕಲ್ಪನೆ. ಆದರೆ ಕೇಂಬ್ರಿಡ್ಜ್‌ನ ಟಮಾರ್ ಮೇಕಿನ್ ಮತ್ತವರ ಸಂಗಡಿಗರು ವೈದ್ಯಕೀಯ ಕಾರಣಕ್ಕೆ ಕೈ ತೆಗೆಸಿಕೊಳ್ಳಲಿದ್ದ ಮೂವರ ಮಿದುಳನ್ನು ಶಸ್ತ್ರಚಿಕಿತ್ಸೆಯ ಮೊದಲೂ ಆನಂತರವೂ ಸ್ಕ್ಯಾನ್ ಮಾಡಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈ ಹೋದ ಮೇಲೂ ಅದರ ನಕ್ಷೆ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಆ ಅಧ್ಯಯನದವರು ಕೈಯನ್ನು ಮತ್ತೆ ಪಡೆದವರಲ್ಲ, ನಿಜ. ಆದರೂ ಜಾಗ ಅಳಿಸಿಹೋಗಿದೆ ಎಂದು ಹೆದರಿಸಿ ಸಾಮಾನು ಮಾರುವುದಕ್ಕೆ ಇನ್ನು ಅಷ್ಟು ಬಲವಾದ ನೆಲೆಯಿಲ್ಲ.

ಬೇರೊಬ್ಬರ ಕೈಯನ್ನು ಕಸಿ ಮಾಡಿಸಿಕೊಂಡವರ ಅನುಭವವೂ ಈ ಕಡೆಗೇ ಬೊಟ್ಟು ಮಾಡುತ್ತದೆ. ಫ್ರಾನ್ಸಿನ ಲಿಯಾನ್ ನಗರದಲ್ಲಿ ಜಾನ್ ಮಿಷೆಲ್ ದ್ಯುಬರ್ನಾರ್ ಅವರ ತಂಡ 1998ರಲ್ಲಿ ಒಂದು ಕೈಯನ್ನೂ 2000ದ ಜನವರಿಯಲ್ಲಿ ಒಬ್ಬರಿಗೇ ಎರಡೂ ಕೈಗಳನ್ನೂ ಕಸಿ ಮಾಡಿತು. ಎರಡು ಕೈಗಳ ಆ ವ್ಯಕ್ತಿಯ ಮಿದುಳಿನ ಚಿತ್ರಗಳನ್ನು ಕಸಿಯ ಮೊದಲೂ ಆನಂತರವೂ ತೆಗೆದು ನೋಡಿದಾಗ, ಚಲನೆಯ ಪ್ರದೇಶದಲ್ಲಿ ಮುಖದ ಬದಿಗೆ ಸರಿದಿದ್ದ ಕೈಯ ಚಟುವಟಿಕೆ ಕೆಲವೇ ತಿಂಗಳಲ್ಲಿ ತನ್ನ ಮೂಲ ಜಾಗಕ್ಕೆ ಮರಳಿದ್ದು 2001ರಲ್ಲಿ ವರದಿಯಾಯಿತು. ಅಮೆರಿಕದ ಸ್ಕಾಟ್ ಫ್ರೇ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದ ಪ್ರಕರಣ ಇನ್ನೂ ಬೆರಗಿನದು. ಆ ವ್ಯಕ್ತಿ ಕೈ ಕಳೆದುಕೊಂಡು 35 ವರ್ಷವಾಗಿತ್ತು. ಕಸಿಯಾದ ನಾಲ್ಕು ತಿಂಗಳಲ್ಲಿ ಹೊಸ ಅಂಗೈಯನ್ನು ಮುಟ್ಟಿದರೆ ಹಿಂದಿನ ಕೈಗೆ ಸೇರಿದ್ದ ಪ್ರದೇಶವೇ ಮಿದುಳಿನಲ್ಲಿ ಸ್ಪಂದಿಸುತ್ತಿತ್ತು. ಮೂರೂವರೆ ದಶಕ ಖಾಲಿಯಿದ್ದ ಜಾಗ ಕಾದಿತ್ತು ಎಂದಾದರೆ, ಕೆಲವೇ ಗಂಟೆಗಳ ಕಾಲ ಬೇರೆಯಾಗಿದ್ದ ಕೈಯವರಿಗೆ ಕರಪತ್ರದ ಬೆದರಿಕೆ ಏಕೆ?

ನಮ್ಮ ಕಡೆಗೂ ಇದರ ನಂಟಿದೆ. ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಡಾ. ಸುಬ್ರಮಣ್ಯ ಅಯ್ಯರ್ ಅವರ ತಂಡ 2015ರ ಜನವರಿಯಲ್ಲಿ ಭಾರತದ ಮೊದಲ ಜೋಡಿ ಕೈ ಕಸಿಯನ್ನು ಮಾಡಿತು. 2017ರ ಆಗಸ್ಟ್‌ನಲ್ಲಿ ಅಲ್ಲಿಯೇ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದು ಬಸ್ ಅಪಘಾತದಲ್ಲಿ ಎರಡೂ ಕೈಗಳನ್ನು ಕಳೆದುಕೊಂಡಿದ್ದ ವಿದ್ಯಾರ್ಥಿನಿಯೊಬ್ಬರಿಗೆ ಮೇಲ್ತೋಳಿನ ಮಟ್ಟದಲ್ಲಿ, ಒಬ್ಬ ಯುವಕನ ಕೈಗಳನ್ನು ಕಸಿ ಮಾಡಲಾಯಿತು. ಆ ಕೈಗಳ ಬಣ್ಣ ಬರಬರುತ್ತ ಅವರ ಮೈಬಣ್ಣಕ್ಕೆ ಹೊಂದಿಕೊಂಡದ್ದನ್ನು ಪತ್ರಿಕೆಗಳು ವಿಸ್ತಾರವಾಗಿ ಬರೆದವು. ಮೇಲ್ತೋಳಿನಿಂದ ಬೆರಳಿನವರೆಗೆ ನರ ನಡೆದುಬರಬೇಕಾದ ದೂರದ ಬಗ್ಗೆ ಅಷ್ಟೇ ವಿಸ್ತಾರವಾಗಿ ಯಾರಾದರೂ ಬರೆದಿದ್ದರೆ ನಮ್ಮಂಥವರಿಗೆ ಉಪಯೋಗವಾಗುತ್ತಿತ್ತು.

ಈಗ ಕನ್ನಡಿ ಪೆಟ್ಟಿಗೆಗೆ ಬರುತ್ತೇನೆ. ಇದು ಗಟ್ಟಿ ಬಟ್ಟೆಯ ಹೊದಿಕೆಯುಳ್ಳ ತ್ರಿಕೋನದ ಗೂಡು. ಒಂದು ಮಗ್ಗುಲಿಗೆ ಕನ್ನಡಿ. ಗಾಯದ ಕೈಯನ್ನು ಗೂಡಿನೊಳಗೆ ಇಟ್ಟು, ಸರಿಯಿರುವ ಕೈಯನ್ನು ಕನ್ನಡಿಯ ಎದುರು ಆಡಿಸಿದರೆ, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬ ಗಾಯದ ಕೈಯೇ ಆಡುತ್ತಿರುವಂತೆ ತೋರುತ್ತದೆ. ಹೊರಗಿನಿಂದ ನೋಡುವವರಿಗೆ ಮಕ್ಕಳಾಟದಂತೆ ಕಾಣುವ ಈ ಉಪಾಯಕ್ಕೆ ಮೊದಲ ತಿಂಗಳುಗಳಲ್ಲಿ ಒಂದು ನಿರ್ದಿಷ್ಟ ಕೆಲಸವಿದೆ. ಕೈಯಿಂದ ಯಾವ ಸುದ್ದಿಯೂ ಬಾರದ ಆ ಅವಧಿಯಲ್ಲಿ ಕಣ್ಣಿನ ಮೂಲಕ ಮಿದುಳಿನ ಕೈಯ ಪ್ರದೇಶವನ್ನು ಎಚ್ಚರವಾಗಿಡುವುದು ಅದರ ಗುರಿ. ಸ್ವೀಡನ್ನಿನ ಮಾಲ್ಮೋದಲ್ಲಿ ಗೋರಾನ್ ಲುಂಡ್‌ಬೋರ್ಗ್ ಮತ್ತು ಬಿರ್ಗಿಟ್ಟಾ ರೊಸೆನ್ ಸ್ಪರ್ಶದ ಮರುಶಿಕ್ಷಣವನ್ನು ಎರಡು ಹಂತಗಳಾಗಿ ವಿಂಗಡಿಸಿದರು: ನರ ಇನ್ನೂ ತಲುಪದ ಮೊದಲ ಹಂತ, ತಲುಪಿದ ಮೇಲಿನ ಎರಡನೆಯ ಹಂತ. ಕನ್ನಡಿ ಸೇರುವುದು ಮೊದಲ ಹಂತಕ್ಕೆ.

ತಮ್ಮನಿಗೆ ಇದರಿಂದ ಆದ ಪ್ರಯೋಜನವನ್ನು ನಾನು ಉಬ್ಬಿಸಿ ಹೇಳುವುದಿಲ್ಲ. ಮೊದಲೆರಡು ದಿನ ತಲೆ ಸುತ್ತುತ್ತದೆ ಎಂದ. ಆಮೇಲೆ, ಬ್ಯಾಂಡೇಜಿನ ಕೈಯನ್ನು ನೋಡಲೂ ಹಿಂಜರಿಯುತ್ತಿದ್ದವನು ಕನ್ನಡಿಯೊಳಗಿನ ಕೈಯನ್ನು ನೋಡುತ್ತ ಕೂರತೊಡಗಿದ. ನಾನು ಎರಡೂ ಕೈಗಳ ಅದೇ ಬೆರಳನ್ನು ಒಂದೇ ಸಮಯಕ್ಕೆ ಹತ್ತಿಯಿಂದ ಸವರುತ್ತಿದ್ದೆ. ಗೂಡಿನೊಳಗಿನ ಕೈಗೆ ತಿಳಿಯುತ್ತಿರಲಿಲ್ಲ, ಆದರೂ ಕನ್ನಡಿಯನ್ನು ನೋಡುವಾಗ ‘ಅಕ್ಕಾ, ಏನೋ ಆದ ಹಾಗಿದೆ’ ಎನ್ನುತ್ತಿದ್ದ. ನರ ತಲುಪಿಲ್ಲದಿರುವಾಗ ಅದು ಕೈಯಿಂದ ಬಂದ ಸಂವೇದನೆಯಾಗಿರಲು ಸಾಧ್ಯವಿಲ್ಲ, ಕಣ್ಣು ಹುಟ್ಟಿಸಿದ್ದು. ಕೈ ತನ್ನದಲ್ಲವೆಂಬ ಭಾವ ಗಟ್ಟಿಯಾಗದಂತೆ ತಡೆಯುವುದಕ್ಕೆ ಅಷ್ಟಾದರೂ ಸಾಕು ಎಂದು ಥೆರಪಿಸ್ಟ್ ಹೇಳಿದರು. ಇದು ಸಣ್ಣ ವಿಷಯವಲ್ಲ. 1998ರಲ್ಲಿ ಲಿಯಾನ್‌ನಲ್ಲಿ ಕೈ ಪಡೆದ ವ್ಯಕ್ತಿ ಔಷಧಗಳನ್ನು ನಿಲ್ಲಿಸಿ, ಮಾನಸಿಕವಾಗಿ ಆ ಕೈಯಿಂದ ದೂರವಾಗಿದ್ದೇನೆ ಎಂದು ಹೇಳಿಕೊಂಡು, 2001ರಲ್ಲಿ ಲಂಡನ್ನಿನಲ್ಲಿ ಅದನ್ನು ತೆಗೆಸಿಕೊಂಡರು. ಪರಕೈಯ ಕಸಿಗೂ ಸ್ವಂತ ಕೈಯ ಜೋಡಣೆಗೂ ವ್ಯತ್ಯಾಸ ಬಹಳ. ಸ್ವಂತ ಕೈಗೆ ದೇಹದ ನಿರಾಕರಣೆಯನ್ನು ತಡೆಯುವ ಔಷಧ ಬೇಕಿಲ್ಲ. ಆದರೆ ಅನುಭವವೇ ಇಲ್ಲದ ಕೈಯನ್ನು ತಿಂಗಳುಗಟ್ಟಲೆ ಹೊತ್ತು ತಿರುಗುವ ಕಷ್ಟ ಇಬ್ಬರಿಗೂ ಒಂದೇ.

ಪೆಟ್ಟಿಗೆಯ ತಯಾರಿಯ ಬಗ್ಗೆ ದೂರುಗಳಿವೆ. ಕನ್ನಡಿ ಗಾಜಿನದಲ್ಲ, ಅಕ್ರಿಲಿಕ್ ಹಾಳೆ. ಒಡೆಯುವುದಿಲ್ಲವೆಂಬುದು ಒಳ್ಳೆಯದೇ, ಆದರೆ ಹಾಳೆ ಸ್ವಲ್ಪ ಬಾಗಿರುವುದರಿಂದ ಬೆರಳುಗಳು ಅಂಚಿನಲ್ಲಿ ಉದ್ದವಾಗಿ ಕಾಣುತ್ತವೆ. ಭ್ರಮೆಯೇ ಬಂಡವಾಳವಾಗಿರುವ ಸಾಧನದಲ್ಲಿ ಇದು ದೊಡ್ಡ ಕೊರತೆ. ಇದಕ್ಕಿಂತ ದೊಡ್ಡ ಕೊರತೆ ಗೂಡಿನ ಬಾಯಿಯದು. ಮೊದಲ ವಾರಗಳಲ್ಲಿ ಮುಂಗೈಯಿಂದ ಬೆರಳ ತುದಿಯವರೆಗೆ ಸ್ಪ್ಲಿಂಟ್, ಅಂದರೆ ಕೈ ಅಲುಗದಂತೆ ಹಿಡಿದಿಡುವ ಗಟ್ಟಿ ಆಸರೆ, ಇರುತ್ತದೆ. ಸ್ಪ್ಲಿಂಟ್ ತೊಟ್ಟ ಕೈ ಅದರೊಳಗೆ ಹೋಗಲೇ ಇಲ್ಲ. ಕನ್ನಡಿ ಅತ್ಯಗತ್ಯವಾದ ಅವಧಿಯಲ್ಲೇ ಪೆಟ್ಟಿಗೆ ನಿರುಪಯುಕ್ತವಾದದ್ದು ತಯಾರಕರ ಅಜಾಗರೂಕತೆಯಲ್ಲದೆ ಮತ್ತೇನಲ್ಲ. ನಾವು ಹೊದಿಕೆಯ ಹೊಲಿಗೆಯನ್ನು ಬಿಚ್ಚಿ ಬಾಯಿಯನ್ನು ಅಗಲಿಸಿದೆವು. ಗಾಜಿನಂಗಡಿಯಲ್ಲಿ ಸುಮಾರು ಒಂದೂವರೆ ಅಡಿ ಉದ್ದ, ಒಂದಡಿ ಎತ್ತರದ ಕನ್ನಡಿಯನ್ನು ಅಂಚು ಉಜ್ಜಿಸಿ ತಂದು, ಹಿಂದೆ ರಟ್ಟಿನ ಪೆಟ್ಟಿಗೆಯನ್ನು ಇಟ್ಟರೂ ಇದೇ ಕೆಲಸ ಇನ್ನೂ ಚೆನ್ನಾಗಿ ನಡೆಯುತ್ತದೆ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಅಭ್ಯಾಸಕ್ಕೆ ಕೂರುವಾಗ ಉಂಗುರ, ಗಡಿಯಾರ, ಕೈದಾರಗಳನ್ನು ತೆಗೆದಿಡಬೇಕು, ಇಲ್ಲವಾದರೆ ಪ್ರತಿಬಿಂಬ ತನ್ನ ಕೈಯೆಂದು ಮಿದುಳು ಒಪ್ಪುವುದಿಲ್ಲ. ಕರಪತ್ರ ಈ ಸರಳ ಸೂಚನೆಯನ್ನೂ ಕೊಟ್ಟಿಲ್ಲ. ಗೂಡಿನೊಳಗಿನ ಕೈಯನ್ನು ವೈದ್ಯರು ಅನುಮತಿಸುವವರೆಗೆ ಬಲವಂತವಾಗಿ ಆಡಿಸಬಾರದೆಂಬ ಎಚ್ಚರಿಕೆಯಂತೂ ದಪ್ಪ ಅಕ್ಷರದಲ್ಲಿ ಇರಬೇಕಾಗಿತ್ತು; ಹೊಸದಾಗಿ ಹೊಲಿದ ರಜ್ಜು ಹರಿದರೆ ಕನ್ನಡಿ ಅದನ್ನು ಸರಿಪಡಿಸದು.

ನೈಲಾನ್ ಎಳೆಗಳು ಈ ಡಬ್ಬಿಯ ನಿಜವಾದ ಬೆಲೆಬಾಳುವ ವಸ್ತು. ಹಿಡಿಕೆಯ ತುದಿಗೆ ಸಿಕ್ಕಿಸಿದ ಒಂದೊಂದು ಎಳೆಯೂ ನಿಗದಿತ ಒತ್ತಡಕ್ಕೆ ಬಾಗುತ್ತದೆ. ಹಸಿರು ಹಿಡಿಕೆಯದು ಅತಿ ತೆಳ್ಳಗಿದ್ದು, ಒಂದು ಗ್ರಾಂನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಒತ್ತಡಕ್ಕೆ ಬಾಗುತ್ತದೆ, ಅದನ್ನು ಗುರುತಿಸಿದ ಬೆರಳಿನ ಸ್ಪರ್ಶ ಸಹಜ. ಆನಂತರ ನೀಲಿ, 2 ಗ್ರಾಂನ ನೇರಳೆ, 4 ಗ್ರಾಂನ ಕೆಂಪು, ಕೊನೆಯಲ್ಲಿ 300 ಗ್ರಾಂನ ದಪ್ಪ ಎಳೆ. ಕುಷ್ಠರೋಗದ ಚಿಕಿತ್ಸಾಲಯಗಳಲ್ಲಿ ಮತ್ತು ಮಧುಮೇಹಿಗಳ ಪಾದ ಪರೀಕ್ಷೆಯಲ್ಲಿ ಬಳಸುವುದೂ ಇದೇ ಜಾತಿಯ ಎಳೆಗಳನ್ನು. ರೋಗಿ ಕಣ್ಣು ಮುಚ್ಚಿರಬೇಕು, ಎಳೆಯನ್ನು ಚರ್ಮಕ್ಕೆ ನೇರವಾಗಿ ಇಟ್ಟು ಅದು ಬಾಗುವಷ್ಟು ಒತ್ತಿ ಬಿಡಬೇಕು, ಸವರಬಾರದು. ಕೈಯ ಚಿತ್ರವನ್ನು ಹಾಳೆಯಲ್ಲಿ ಬರೆದು ಎಲ್ಲೆಲ್ಲಿ ಯಾವ ಬಣ್ಣ ತಿಳಿಯಿತೆಂದು ಬಣ್ಣದ ಪೆನ್ಸಿಲಿನಿಂದ ತುಂಬಿದರೆ ತಿಂಗಳಿಂದ ತಿಂಗಳಿಗೆ ಕೈಯ ಮೇಲೆ ಬಣ್ಣ ಮುಂದೆ ಸರಿಯುವುದು ಕಾಣುತ್ತದೆ.

ಇದರ ಉಪಯೋಗ ಅಳತೆಗಷ್ಟೇ ಸೀಮಿತವಲ್ಲವೆಂಬುದು ನನಗೆ ತಡವಾಗಿ ಹೊಳೆಯಿತು. ಅಂಗೈಯಲ್ಲಿ ನೇರಳೆ ಎಳೆ ತಿಳಿಯತೊಡಗಿದಾಗ ‘ಎಲ್ಲಿ ಮುಟ್ಟಿದೆ ಹೇಳು’ ಎಂದು ಕೇಳತೊಡಗಿದೆ. ತೋರುಬೆರಳ ಬುಡವನ್ನು ಮುಟ್ಟಿದರೆ ನಡುಬೆರಳು ಎನ್ನುತ್ತಿದ್ದ. ಮೇಲೆ ಹೇಳಿದ ಕೋತಿಗಳ ಮಿದುಳಿನ ಚೂರುಚೂರಾದ ನಕ್ಷೆ ನಮ್ಮ ಊಟದ ಮೇಜಿನ ಮೇಲೆಯೇ ಇತ್ತು. ಆಗ ಮಾಡಬೇಕಾದದ್ದು ಇಷ್ಟು: ಕಣ್ಣು ಮುಚ್ಚಿ ಉತ್ತರ, ಕಣ್ಣು ತೆರೆದು ನೋಡಿಕೊಳ್ಳುವುದು, ನೋಡುತ್ತಿರುವಾಗಲೇ ಅದೇ ಜಾಗವನ್ನು ಮತ್ತೆ ಮುಟ್ಟಿಸಿಕೊಳ್ಳುವುದು, ಪುನಃ ಕಣ್ಣು ಮುಚ್ಚುವುದು. ಕಣ್ಣು ಗುರುವಾಗಿ ಸ್ಪರ್ಶಕ್ಕೆ ಪಾಠ ಹೇಳುವ ಈ ಕ್ರಮವನ್ನು ಇಂಗ್ಲೆಂಡಿನ ವಿನ್ ಪ್ಯಾರಿ, ಅಮೆರಿಕದ ಲೀ ಡೆಲನ್ ಮೊದಲಾದವರು ದಶಕಗಳ ಹಿಂದೆಯೇ ರೂಪಿಸಿದ್ದಾರೆ. ದಿನಕ್ಕೆ ಹಲವು ಸಲ, ಪ್ರತಿ ಸಲ ಹತ್ತು ನಿಮಿಷ ಸಾಕು. ಅರ್ಧ ಗಂಟೆ ಎಳೆದರೆ ಗಮನ ತಪ್ಪುತ್ತದೆ, ಗಮನವಿಲ್ಲದ ಅಭ್ಯಾಸದಿಂದ ಮಿದುಳು ಏನನ್ನೂ ಕಲಿಯದು. ತಮ್ಮ ಟಿವಿ ನೋಡುತ್ತ ಕೈಯನ್ನು ನನಗೆ ಕೊಟ್ಟು ಕೂತ ದಿನಗಳಲ್ಲಿ ಹಾಳೆಯ ಬಣ್ಣ ಒಂದಿಷ್ಟೂ ಮುಂದೆ ಸರಿಯುತ್ತಿರಲಿಲ್ಲವೆಂದು ಹೇಳಿದರೆ ಅತಿಶಯೋಕ್ತಿಯಾದೀತು, ಆದರೆ ಉತ್ತರಗಳು ತಪ್ಪುವುದು ಖಂಡಿತ ಹೆಚ್ಚುತ್ತಿತ್ತು. ಬೆರಳು ಗುರುತಿಸುವುದರಲ್ಲಿ ತಪ್ಪು ಈಗ ಅಪರೂಪ. ಅವನನ್ನೇ ಕೇಳಿದರೆ, ಮೊದಲು ಬೇರೆ ಬೆರಳೆಂದೇ ಅನಿಸುತ್ತದೆ, ಮರುಕ್ಷಣ ‘ಅಲ್ಲ, ಇದು ತೋರುಬೆರಳು’ ಎಂದು ತಿಳಿಯುತ್ತದೆ ಎನ್ನುತ್ತಾನೆ. ವೈದ್ಯರ ಪ್ರಕಾರ ವಯಸ್ಕರಲ್ಲಿ ಆ ಕ್ಷಣದ ಅನುವಾದ ಪೂರ್ತಿ ಮಾಯವಾಗದೆಯೂ ಇರಬಹುದು.

ಎಳೆಗಳ ಸೆಟ್ಟಿನಲ್ಲಿ ಕೊರತೆ ಒಂದೇ. ಹಸಿರು ಎಳೆ ಬೇಗ ಬಾಗಿ ಡೊಂಕಾಗುತ್ತದೆ. ಡೊಂಕಾದ ಎಳೆಯ ಅಳತೆಯನ್ನು ನಂಬುವಂತಿಲ್ಲ, ಈ ಕಿಟ್‌ನವರು ಬಿಡಿ ಎಳೆಯನ್ನು ಮಾರುವುದಿಲ್ಲ. ಹೇಗೂ ಮೊದಲ ವರ್ಷ ಅದರ ಅಗತ್ಯ ಬೀಳುವ ಸಂಭವ ಕಡಿಮೆ, ಟೋಪಿ ಮುಚ್ಚಿ ಎತ್ತಿಡಿ.

ಇನ್ನು ತುಂಡುಗಳ ಚೀಲ. ಉಪ್ಪುಕಾಗದ, ವೆಲ್ವೆಟ್, ಕಂಬಳಿ ಬಟ್ಟೆ, ರಬ್ಬರ್, ಇನ್ನೂ ಅಂಥವೇ ಕೆಲವು ಚೌಕಗಳು, ಕೆಲವು ಮರದ ಆಕಾರಗಳು. ಉದ್ದೇಶ ಸರಿಯಾಗಿದೆ: ಎರಡನೆಯ ಹಂತದಲ್ಲಿ, ಬೆರಳಿಗೆ ಸ್ಪರ್ಶ ಮರಳಿದ ಮೇಲೆ, ಒರಟು ನುಣುಪುಗಳನ್ನೂ ಆಕಾರಗಳನ್ನೂ ನೋಡದೆ ಗುರುತಿಸಬೇಕು. ಆದರೆ ಇದಕ್ಕಾಗಿ ಹಣ ಕೊಟ್ಟು ತರಿಸಿಕೊಳ್ಳುವ ಅಗತ್ಯವೇ ಇಲ್ಲ, ಮತ್ತು ಈ ತುಂಡುಗಳು ಬೆರಳಿಗೆ ಪರಿಚಯವಿಲ್ಲದವು. ವೆಲ್ವೆಟ್ಟನ್ನು ಜೀವಮಾನದಲ್ಲಿ ಕೈಯಿಂದ ಮುಟ್ಟಿ ಗುರುತಿಸಬೇಕಾಗಿಲ್ಲದವನ ಮಿದುಳಿನಲ್ಲಿ ಅದರ ನೆನಪೂ ಇರುವುದಿಲ್ಲ. ಹಳೆಯ ನೆನಪಿಗೆ ಹೊಸ ಸುದ್ದಿಯನ್ನು ಹೊಂದಿಸುವುದೇ ಇಲ್ಲಿನ ಪಾಠವಾದ್ದರಿಂದ ಚೆನ್ನಾಗಿ ಬಲ್ಲ ವಸ್ತುಗಳೇ ಬೇಕು. ನಾವು ಡಬ್ಬಿಗಳಲ್ಲಿ ರಾಗಿ, ಅಕ್ಕಿ, ಹುರುಳಿ, ಹುಣಸೆ ಬೀಜಗಳನ್ನು ತುಂಬಿಟ್ಟೆವು. ತೆಂಗಿನ ನಾರು, ಗೋಣಿಚೀಲದ ತುಂಡು, ಅಮ್ಮನ ಹಳೆಯ ಹತ್ತಿ ಸೀರೆ, ಬೆಂಕಿಪೊಟ್ಟಣದ ಗೀರುವ ಬದಿ, ಚೌಕಾಬಾರದ ಕವಡೆ ಇವನ್ನೆಲ್ಲ ಒಂದು ಬುಟ್ಟಿಗೆ ಹಾಕಿದೆವು. ಅವನ ಕೆಲಸದ ಸಾಮಾನುಗಳಾದ ನಟ್ಟು, ಬೋಲ್ಟು, ವಾಷರ್‌ಗಳನ್ನು ಅವನೇ ಸೇರಿಸಿದ. ಮಿಕ್ಕೆಲ್ಲಕ್ಕಿಂತ ಮೊದಲು ಅವನು ನೋಡದೆ ಗುರುತಿಸಿದ್ದು ಬೋಲ್ಟಿನ ಮರೆಯನ್ನು, ಅಂದರೆ ಅದರ ಮೈಮೇಲಿನ ಸುರುಳಿ ಗೆರೆಗಳನ್ನು. ಬೆರಳು ಮರೆಯ ಮೇಲೆ ಹಾಯುವಾಗ ಆಗುವ ಕಂಪನ ಅವನಿಗೆ ತಿಳಿದಿತ್ತು. ಕಂಪನದ ಅರಿವು ನುಣುಪಿನ ಅರಿವಿಗಿಂತ ಮೊದಲು ಬರುವುದು ಸಾಮಾನ್ಯವೆಂದು ಥೆರಪಿಸ್ಟ್ ಹೇಳಿದ ಮೇಲೆ ಕಾರಣ ಅರ್ಥವಾಯಿತು.

ಅಕ್ಕಿ ರಾಗಿಗಳ ಡಬ್ಬಿಗೆ ಕೈ ಹಾಕಿ ಆಡಿಸುವ ಅಭ್ಯಾಸಕ್ಕೆ ಇನ್ನೊಂದು ಉಪಯೋಗವೂ ಇದೆ. ನರ ಬೆಳೆಯುವಾಗ ಬೆರಳು ಜೋಮು ಹಿಡಿದು, ಸಣ್ಣ ಸ್ಪರ್ಶವೂ ವಿದ್ಯುತ್ ತಗುಲಿದಂತೆ ಚುರುಗುಟ್ಟುತ್ತದೆ. ಮೊದಲು ಹತ್ತಿ, ಆಮೇಲೆ ರಾಗಿ, ಆಮೇಲೆ ಅಕ್ಕಿ, ಕೊನೆಗೆ ಹುರುಳಿ ಎಂಬಂತೆ ಮುಂದುವರಿದರೆ ಆ ಅತಿಸೂಕ್ಷ್ಮತೆ ಇಳಿಯುತ್ತದೆ. ಲುಂಡ್‌ಬೋರ್ಗ್ ಅವರ ತಂಡ ಬೆರಳ ತುದಿಗೆ ಸಣ್ಣ ಮೈಕ್ರೊಫೋನ್ ಕಟ್ಟಿ, ಮುಟ್ಟಿದ ವಸ್ತುವಿನ ಉಜ್ಜುವಿಕೆಯ ಸದ್ದನ್ನು ಕಿವಿಗೆ ಕೇಳಿಸುವ ಕೈಗವಸನ್ನು ಪ್ರಯೋಗಿಸಿತ್ತು. ಸ್ಪರ್ಶ ಬಾರದ ಅವಧಿಯಲ್ಲಿ ಕಿವಿಯ ಮೂಲಕ ಆ ಸುದ್ದಿ ತಲುಪಲಿ ಎಂಬುದು ಅದರ ತರ್ಕ. ನಮ್ಮಲ್ಲಿ ಅಂಥ ಗವಸು ಇಲ್ಲದಿದ್ದರೂ, ಮಧ್ಯಾಹ್ನ ಮನೆ ಸದ್ದಿಲ್ಲದಿರುವಾಗ ಗೋಣಿಯ ಮೇಲೆ ಬೆರಳನ್ನು ಎಳೆದು ಕೇಳಿಸಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಅದೇ ತಂಡದ ಇನ್ನೊಂದು ಪ್ರಯೋಗದಲ್ಲಿ ಮುಂಗೈಗೆ ಮರಗಟ್ಟಿಸುವ ಮುಲಾಮು ಹಚ್ಚಿದಾಗ ಅದೇ ಕೈಯ ಬೆರಳುಗಳ ಸ್ಪರ್ಶ ಚುರುಕಾದದ್ದು ಕಂಡುಬಂತು. ಮುಂಗೈಯ ಸುದ್ದಿ ನಿಂತಾಗ ಪಕ್ಕದ ಕೈಯ ಪ್ರದೇಶಕ್ಕೆ ಮಿದುಳಿನಲ್ಲಿ ಹೆಚ್ಚು ಜಾಗ ಸಿಗುತ್ತದೆ ಎಂಬುದು ಅದಕ್ಕೆ ಕೊಟ್ಟ ವಿವರಣೆ. ಇದು ಮನೆಯಲ್ಲಿ ತಾವಾಗಿಯೇ ಮಾಡಿಕೊಳ್ಳುವ ಪ್ರಯೋಗವಲ್ಲ, ವೈದ್ಯರನ್ನು ಕೇಳಿ ನೋಡಬಹುದು.

ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರದೆಯ ಮೇಲೆ ಒಂದೊಂದಾಗಿ ಕೈಗಳ ಚಿತ್ರ ಬರುತ್ತದೆ, ಎಡವೋ ಬಲವೋ ಎಂದು ಬೇಗನೆ ಒತ್ತಬೇಕು. ಉತ್ತರಿಸುವಾಗ ಮಿದುಳು ತನ್ನದೇ ಕೈಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವುದರಿಂದ, ಕೈ ಅಲ್ಲಾಡಿಸಲಾಗದ ದಿನಗಳಲ್ಲೂ ಅಭ್ಯಾಸವಾಗುತ್ತದೆ. ತರ್ಕ ಒಪ್ಪುವಂಥದ್ದೇ. ಆದರೆ ಸೂಚನೆಗಳು ಇಂಗ್ಲಿಷಿನಲ್ಲಿ ಮಾತ್ರ ಇವೆ, ಚಿತ್ರದ ಕೈಗಳೆಲ್ಲ ಬಿಳಿಯ ತೊಗಲಿನವು. ತಮ್ಮ ಒಂದು ವಾರ ಆಡಿ ಬಿಟ್ಟ. ನಮ್ಮ ಮನೆಯವರ ಕೈಗಳನ್ನು ಹತ್ತಾರು ಭಂಗಿಗಳಲ್ಲಿ ಮೊಬೈಲ್‌ನಲ್ಲಿ ಫೋಟೊ ತೆಗೆದು ತೋರಿಸಿದ ಮೇಲೆ ಆಸಕ್ತಿ ಮರಳಿತು, ಮುಖ್ಯವಾಗಿ ಯಾರ ಕೈ ಯಾವುದೆಂದು ಪಂದ್ಯ ಕಟ್ಟುವುದರಲ್ಲಿ.

ಥೆರಪಿಸ್ಟ್ ಇಲ್ಲದೆ ಈ ಕಿಟ್ ಕೊಳ್ಳುವುದು ಬೇಡ. ಯಾವ ವಾರದಲ್ಲಿ ಎಷ್ಟು ಮಡಿಸಬಹುದು, ಸ್ಪ್ಲಿಂಟನ್ನು ಯಾವಾಗ ಬಿಚ್ಚಬಹುದು, ನರ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಅವರೇ ಹೇಳಬೇಕು. ನರದ ಹಾದಿಯ ಮೇಲೆ ಬೆರಳಿನಿಂದ ತಟ್ಟಿ ಜುಮ್ಮೆನ್ನುವ ಜಾಗವನ್ನು ಗುರುತಿಸುವ ಪರೀಕ್ಷೆಯಿಂದ ಅವರು ಅದನ್ನು ಅಂದಾಜು ಮಾಡುತ್ತಾರೆ, ಮತ್ತು ಎರಡನೆಯ ಹಂತವನ್ನು ಆರಂಭಿಸುವ ಸಮಯ ಅದರಿಂದಲೇ ತೀರ್ಮಾನವಾಗುತ್ತದೆ. ಕೈ ಶಸ್ತ್ರಚಿಕಿತ್ಸೆಗೆ ಹೆಸರಾದ ಕೇಂದ್ರಗಳಲ್ಲಿ, ಉದಾಹರಣೆಗೆ ಕೊಯಮತ್ತೂರಿನ ಗಂಗಾ ಆಸ್ಪತ್ರೆಯಂಥಲ್ಲಿ, ಕೈ ಥೆರಪಿಗೇ ಪ್ರತ್ಯೇಕ ವಿಭಾಗವಿರುತ್ತದೆ. ನಮ್ಮ ಜಿಲ್ಲಾ ಊರುಗಳಲ್ಲಿ ಸಾಮಾನ್ಯ ಫಿಸಿಯೋಥೆರಪಿ ಸಿಗುವುದೇ ಹೆಚ್ಚು. ಅಲ್ಲಿ ಗಮನವೆಲ್ಲ ಬೆರಳು ಎಷ್ಟು ಮಡಿಸಿತು, ಹಿಡಿತದ ಬಲ ಎಷ್ಟಾಯಿತು ಎಂಬುದರ ಮೇಲೆ ಇರುತ್ತದೆ. ನಾವು ಕೆಲಕಾಲ ಹೋಗುತ್ತಿದ್ದ ಮನೆ ಹತ್ತಿರದ ಒಂದು ಕೇಂದ್ರದಲ್ಲಿ ಸ್ಪರ್ಶದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಬಿಸಿ ಮೇಣದ ಪಾತ್ರೆಯಲ್ಲಿ ಕೈ ಅದ್ದಲು ಹೇಳಿದರು. ಬಿಸಿಯೇ ತಿಳಿಯದ ಕೈಯನ್ನು ಬಿಸಿ ಮೇಣಕ್ಕೆ ಅದ್ದಿಸುವುದು ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಸ್ಪರ್ಶ ಮರಳುವವರೆಗೆ ಒಲೆ, ಬಿಸಿ ಲೋಟ, ಬೈಕಿನ ಸೈಲೆನ್ಸರ್‌ಗಳ ಬಳಿ ಕಣ್ಣು ಕೈಯ ಮೇಲೇ ಇರಬೇಕು. ಚಳಿಗಾಲದ ಬೆಳಿಗ್ಗೆ ಬೆರಳುಗಳು ನೋಯುವುದೂ ಇಂಥ ಕೈಗಳಲ್ಲಿ ಸಾಮಾನ್ಯ, ಅದು ಅಭ್ಯಾಸ ಕೆಟ್ಟದ್ದರ ಗುರುತಲ್ಲ.

ಹಾಗಾಗಿ ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ಪೂರ್ತಿ ಕಿಟ್ ತರಿಸಬೇಡಿ. ನೈಲಾನ್ ಎಳೆಗಳ ಸೆಟ್ಟನ್ನು ವೈದ್ಯಕೀಯ ಸಲಕರಣೆಗಳ ಅಂಗಡಿಯಲ್ಲಿ ಕೇಳಿ, ಪಾದ ಪರೀಕ್ಷೆಗೆಂದು ಮಾರುವ 10 ಗ್ರಾಂನ ಒಂದೇ ಎಳೆಯನ್ನು ಕೊಟ್ಟು ಕಳುಹಿಸಿಯಾರು, ಕೈಗೆ ಬೇಕಾದದ್ದು ಐದಾರು ಎಳೆಗಳ ಸೆಟ್. ಕನ್ನಡಿಯನ್ನು ಗಾಜಿನಂಗಡಿಯಲ್ಲಿ ಮಾಡಿಸಿಕೊಳ್ಳಿ. ಆನ್‌ಲೈನ್ ಪೆಟ್ಟಿಗೆಯೇ ಬೇಕೆಂದರೆ ಸ್ಪ್ಲಿಂಟ್ ತೊಟ್ಟ ಕೈಯ ಅಗಲವನ್ನು ಟೇಪಿನಿಂದ ಅಳೆದು, ಗೂಡಿನ ಬಾಯಿಯ ಅಳತೆಯನ್ನು ಮಾರುವವರಿಂದ ಬರೆಸಿಕೊಂಡು ತರಿಸಿ. ಬಾಯಿ ಚಿಕ್ಕದೆಂದು ನಾವು ಹಿಂದಿರುಗಿಸಲು ಹೊರಟಾಗ, ಇದು ವೈದ್ಯಕೀಯ ವಸ್ತುವಾದ್ದರಿಂದ ಡಬ್ಬಿ ತೆರೆದ ಮೇಲೆ ವಾಪಸು ಇಲ್ಲ ಎಂಬ ಉತ್ತರ ಬಂತು.